ಬೋಳು ಕುಸರೆಳ್ಳು

ಪುಣೆಯ ನಮ್ಮ ಹಾಸ್ಟೆಲಿನ ಅಡುಗೆಮನೆಯಲ್ಲಿ ಇವತ್ತು ಬೆಳಿಗ್ಗೆ ಯಾರೋ ಸಕ್ಕರೆ ಪಾಕ ಇಟ್ಟಿದ್ದರು. ಪ್ರಯೋಗಾಲಯಕ್ಕೆ ಹೊರಟವಳು ಮೆಟ್ಟಿಲ ಮೇಲೆಯೇ ನಿಂತುಬಿಟ್ಟೆ. ಬಿಸಿ ಪಾಕದ ವಾಸನೆ ಬಂದರೆ ನನಗೆ ಹಾಗೇ. ಕಾಲು ಇಲ್ಲಿ, ಮನಸ್ಸು ಐನಾಪುರದ ದೊಡ್ಡವ್ವನ ಪಡಸಾಲೆಯಲ್ಲಿ. ನೀವೂ ಒಂದು ಗಳಿಗೆ ಬನ್ನಿ. ಅಲ್ಲಿ ಚಾ ಕುಡಿಸದೆ ಯಾರನ್ನೂ ಕಳಿಸುವುದಿಲ್ಲ.

ನಾನು ಓದುತ್ತಿರುವುದು ರಚನಾತ್ಮಕ ಜೀವವಿಜ್ಞಾನ. ಹೆಸರು ಕೇಳಿ ಹೆದರಬೇಡಿ, ಮೊದಮೊದಲು ನಾನೂ ಹೆದರಿದ್ದೆ. ನಮ್ಮ ಮೈಯೊಳಗಿನ ಪ್ರೋಟೀನುಗಳಿಗೆ ಒಂದೊಂದಕ್ಕೂ ಒಂದೊಂದು ಆಕಾರ. ಅದು ಬರಿಗಣ್ಣಿಗೆ ಕಾಣುವಂಥದ್ದಲ್ಲ. ಪ್ರೋಟೀನನ್ನು ಸಣ್ಣ ಹನಿಯಲ್ಲಿ ಹರಳುಗಟ್ಟಿಸಿ, ಆ ಹರಳಿಗೆ ಎಕ್ಸ್‌-ರೇ ಹಾಯಿಸಿ, ಆಕಾರವನ್ನು ಲೆಕ್ಕ ಹಾಕಿ ತೆಗೆಯಬೇಕು. ಹರಳೇ ಬರದಿದ್ದರೆ ಮುಂದಿನದೆಲ್ಲ ಬಂದ್. ನನ್ನ ಹನಿಗಳೋ ವರ್ಷಗಟ್ಟಲೆ ತಿಳಿನೀರಿನ ಹಾಗೆ ಸುಮ್ಮನಿರುತ್ತಿದ್ದವು, ಇಲ್ಲವೇ ಒಡೆದ ಹಾಲಾಗುತ್ತಿದ್ದವು.

ಹೋದ ವರ್ಷ ಸಂಕ್ರಾಂತಿಗೆ ಊರಿಗೆ ಹೋಗುವಾಗ ಪಿಎಚ್.ಡಿ. ಬಿಟ್ಟೇಬಿಡುವುದೆಂದು ಗಟ್ಟಿ ಮಾಡಿಕೊಂಡಿದ್ದೆ. ಹಬ್ಬ ಮುಗಿದ ಮೇಲೆ ಹೇಳಿದರಾಯಿತೆಂದು ಬಾಯಿ ಬಿಗಿಹಿಡಿದಿದ್ದೆ. ದೊಡ್ಡವ್ವ ಎಂದರೆ ಅವ್ವನ ಅಕ್ಕ, ನನ್ನನ್ನು ಸಾಕಿದವಳು. ಬೆಳಗಿನ ತಂಡಿಯಲ್ಲಿ ಕೆಂಡದ ಮೇಲೆ ಪರಾತದ ಅಗಲ ತಟ್ಟೆ ಇಟ್ಟುಕೊಂಡು ಕುಸರೆಳ್ಳು ಮಾಡುತ್ತ ಕೂತಿದ್ದಳು. ಎಳ್ಳಿನ ಮೇಲೆ ಒಂದಿಷ್ಟೇ ಪಾಕ ಬಿಡುವುದು, ಬೆರಳ ತುದಿಯಿಂದ ಹೊರಳಿಸುವುದು, ಆರಿದ ಮೇಲೆ ಮತ್ತೆ ಪಾಕ. ನಿಧಾನಕ್ಕೆ ಎಳ್ಳಿನ ಮೈಗೆಲ್ಲ ಸಕ್ಕರೆಯ ಬಿಳಿ ಮುಳ್ಳುಗಳೇಳುತ್ತವೆ. ನೋಡುತ್ತ ಕೂತರೆ ಹೊತ್ತು ಹೋಗುವುದೇ ತಿಳಿಯದು. ಕೆಂಡದ ಕಾವಿಗೆ ನನಗೆ ಅರೆನಿದ್ದೆ.

“ನೀ ಅಲ್ಲಿ ಮಾಡೂದರ ಏನು, ತಂಗಿ?” ಎಂದಳು.

“ಹರಳ ಬೆಳಸ್ತೀವಿ ದೊಡ್ಡವ್ವಾ. ಸಣ್ಣ ಹನಿಯೊಳಗ.”

“ಹಂಗಾರ ಇದನ್ನ ಅನ್ನು!” ಎಂದು ಪರಾತದ ಕಡೆ ಕೈ ತೋರಿಸಿದಳು.

ಅಲ್ಲ ಎನ್ನುವಷ್ಟು ಎಚ್ಚರ ನನಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ, ನಾನು ದೊಡ್ಡ ಶಾಲೆಯಲ್ಲಿ ಕುಸರೆಳ್ಳು ಮಾಡುವುದನ್ನು ಕಲಿಯುತ್ತಿದ್ದೇನೆಂದು ಓಣಿಗೆಲ್ಲ ಸುದ್ದಿ. ಪಕ್ಕದ ಮನೆಯ ಶಾಂತಾಕಾಕು ಹೊಸ ಸೊಸೆಯನ್ನು ಕರೆದುಕೊಂಡೇ ಬಂದರು. ಸುಜಾತಾ ಮಿರಜಿನ ಹುಡುಗಿ, ಕನ್ನಡ ಈಗಷ್ಟೇ ಕಲಿಯುತ್ತಿದ್ದಳು. ನಮ್ಮ ಕಡೆ ಸೊಸೆಗೆ ಮೊದಲ ಸಂಕ್ರಾಂತಿಯಲ್ಲಿ ಕರಿ ಸೀರೆ ಉಡಿಸಿ, ಕುಸರೆಳ್ಳಿನ ಒಡವೆ ತೊಡಿಸಿ ಆರತಿ ಮಾಡುತ್ತಾರೆ.

“ಪ್ಯಾಟಿದು ಬ್ಯಾಡವಾ. ಇಷ್ಟ ವರ್ಷ ಕಲ್ತಿ ಅಲಾ, ನಮ್ಮ ಸೂನಬಾಯಿಗೆ ಒಂದ ಹಾರ ನಿನ್ನ ಕೈಲೆ ಆಗ್ಲಿ,” ಎಂದರು ಕಾಕು.

ಓದಿನ ಮರ್ಯಾದೆಯ ಪ್ರಶ್ನೆ! ಹಾರಕ್ಕೆ ಕಾಳು ದಪ್ಪ ಬೇಕೆಂದು ಎಳ್ಳಿನ ಬದಲು ಸಾಬುದಾಣಿ, ಅಂದರೆ ಸಬ್ಬಕ್ಕಿ, ಹಾಕಿಕೊಂಡು ಕೂತೆ. ಅವಸರಕ್ಕೆ ಪಾಕ ಹೆಚ್ಚು ಸುರಿದೆ, ಕೆಂಡ ಕೆದಕಿದೆ. ಮುಳ್ಳೇಳುವುದಿರಲಿ, ಕಾಳೆಲ್ಲ ಬೋಳು ಬೋಳಾಗಿ ಔಷಧದ ಗುಳಿಗೆಯಂತಾದವು.

“ಆತುರಗಾರ್ಗ ಬುದ್ಧಿ ಮಟ್ಟ ಅಂತಾರವಾ,” ಎಂದು ದೊಡ್ಡವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ನಾನೂ ನಕ್ಕೆ. ಆದರೆ ಇಲ್ಲೂ ಆಗಲಿಲ್ಲವಲ್ಲ ಎಂದು ಹಿತ್ತಲಿಗೆ ಹೋಗಿ ಕಣ್ಣೊರೆಸಿಕೊಂಡೆ.

ಹಬ್ಬದ ದಿನ ಸುಜಾತಾ ಆ ಕಾಳುಗಳ ಹಾರವನ್ನೇ ತೊಟ್ಟಳು. ಪೇಟೆಯಿಂದ ಬೇರೆ ತರಿಸುತ್ತೇನೆಂದ ಅತ್ತೆಗೆ ಬೇಡವೆಂದಳಂತೆ. ಕರಿ ಸೀರೆಯ ಮೇಲೆ ನನ್ನ ಬೋಳು ಹಾರ ಎದ್ದು ಕಾಣುತ್ತಿತ್ತು; ನಾನು ಕಂಬದ ಮರೆಗೆ ನಿಂತಿದ್ದೆ. ಎಳ್ಳು ಕೊಡಲು ಅಲ್ಲಿಗೇ ಬಂದಳು.

“ಅಕ್ಕಾ, ಮುಂದ ನನ್ನ ಕೂಸಿಗೂ ನೀವ ಮಾಡ್ರಿ, ಹಂ?”

ಕೂಸಿನ ಮೊದಲ ಸಂಕ್ರಾಂತಿಗೂ ಒಡವೆ ಬೇಕಲ್ಲ! ಕೂಸು ಹುಟ್ಟುವ ಮೊದಲೇ ಕುಲಾವಿ. ಕೆಟ್ಟುಹೋದದ್ದನ್ನು ಕೊರಳಲ್ಲಿ ಹಾಕಿಕೊಂಡೇ ಮುಂದಿನದನ್ನೂ ನನಗೇ ಒಪ್ಪಿಸುತ್ತಿದ್ದಳು. ಆ ಹುಡುಗಿಯ ಮೇಲೆ ನನಗೆ ತುಂಬ ಪ್ರೀತಿ ಬಂತು. ಹೂಂ ಎಂದು ತಲೆಯಾಡಿಸಿದೆ.

ಹಬ್ಬ ಮುಗಿಯಿತು. “ಮತ್ತ ಯಾವಾಗ ಹೊಂಟಿ?” ಎಂದಳು ದೊಡ್ಡವ್ವ. “ನಾಳಿಗೆ,” ಎಂದೆ. ಓದು ಬಿಡುವ ಮಾತು ಹಾಗೇ ಉಳಿದುಹೋಯಿತು.

ಇವತ್ತು ಮೆಟ್ಟಿಲಿಳಿದು ಪ್ರಯೋಗಾಲಯಕ್ಕೆ ಬಂದು, ಹನಿಗಳನ್ನು ಒಂದೊಂದಾಗಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದೆ. ಎಲ್ಲವೂ ತಿಳಿ. ಒಂದರಲ್ಲೂ ಹರಳಿಲ್ಲ. ಮೊದಲಾಗಿದ್ದರೆ ಬಾಗಿಲು ಹಾಕಿಕೊಂಡು ಅಳುತ್ತಿದ್ದೆ. ಇವತ್ತು ಹಸಿವಾಯಿತು. ಹೊಟ್ಟೆ ತುಂಬ ಉಂಡು ಬಂದು, ಹೊಸ ಹನಿ ಇಟ್ಟೆ.