ಎಡಗೈಗೆ ಬೇರೆ ಕೆಲಸವಿತ್ತು

ಎರಡು ಸಾವಿರದ ಒಂದನೆಯ ಇಸವಿ, ಜುಲೈ ತಿಂಗಳ ಕೊನೆಯ ಮಂಗಳವಾರ, ಬೆಳಗ್ಗೆ ಒಂಬತ್ತೂವರೆ. ಬೇಗಂಪೇಟೆಯ ಆಫೀಸಿನಲ್ಲಿ ಹಾಜರಿದ್ದವರು ಮೂವರು: ಮೇಲ್ವಿಚಾರಕನಾದ ನಾನು, ಕಂಪ್ಯೂಟರಿನಲ್ಲಿ ಅಂಕಿ ತುಂಬುವ ಫಾರ್ಮ್ ತಯಾರಿಸಿದ ಮೈಸೂರಿನ ಪ್ರೋಗ್ರಾಮರ್, ಅದನ್ನು ತುಂಬುವ ರಾಯಚೂರು ಕಡೆಯ ಹುಡುಗಿ, ಡೇಟಾ ಎಂಟ್ರಿ ಆಪರೇಟರ್. ಹೊಸದಾಗಿ ಕೆಲಸಕ್ಕೆ ಸೇರಿದ್ದ ಆಕೆಯ ಪರೀಕ್ಷಾರ್ಥ ತಿಂಗಳು ಅಂದಿಗೆ ಮುಗಿಯುತ್ತಿತ್ತು. ಆಕೆಯನ್ನು ಕೆಲಸದಲ್ಲಿ ಇಟ್ಟುಕೊಳ್ಳಬೇಕೋ ಬೇಡವೋ ಎಂದು ಐದು ಗಂಟೆಯೊಳಗೆ ನಾನು ಮಾಲೀಕರಿಗೆ ಬರೆದುಕೊಡಬೇಕಿತ್ತು. ‘ಕೈ ನಿಧಾನ, ಬೇಡ’ ಎಂದು ಒಂಬತ್ತಕ್ಕೇ ಚೀಟಿ ಬರೆದಿಟ್ಟಿದ್ದೆ. ಕೆಲಸವನ್ನು ಮುಂಚಿತವಾಗಿ ಮುಗಿಸುವುದು ನನ್ನ ಅಭ್ಯಾಸ.

ನಾನು ರೈಲ್ವೆಯಲ್ಲಿ ಟೈಪಿಸ್ಟಾಗಿ ನಿವೃತ್ತನಾದವನು. ಟೈಪ್ ಮಾಡುವಾಗ ಕೀಗಳನ್ನು ನೋಡಿದರೆ ಬೆರಳ ಗೆಣ್ಣಿಗೆ ರೂಲುದೊಣ್ಣೆ ಬೀಳುತ್ತಿದ್ದ ಶಾಲೆಯಲ್ಲಿ ಕಲಿತವನು. ಆದ್ದರಿಂದ ಫಾರ್ಮಿನ ಶಾರ್ಟ್‌ಕಟ್‌ಗಳನ್ನು ಬೇರೆಯವರಿಗೆ ಬಿಡದೆ ನಾನೇ ಗೊತ್ತುಮಾಡಿದ್ದೆ. ಸಾಲು ಸೇವ್ ಮಾಡಲು, ಮುಂದಿನದು ತೆರೆಯಲು, ಎಲ್ಲಕ್ಕೂ ಎಡಗೈಯಲ್ಲಿ ಆಲ್ಟ್ ಕೀ, ಬಲಗೈಯಲ್ಲಿ ಒಂದು ಅಕ್ಷರ. ಎರಡೂ ಕೈಗೆ ಸಮ ಕೆಲಸ. ಪಟ್ಟಿಗೆ ಲ್ಯಾಮಿನೇಷನ್ ಮಾಡಿಸಿ ಎಲ್ಲ ಮೇಜುಗಳಿಗೂ ಅಂಟಿಸಿದ್ದೆ. ಆಕೆ ಮಾತ್ರ ಪ್ರತಿ ಸಾಲಿಗೂ ಮೌಸ್ ಹಿಡಿಯುತ್ತಿದ್ದಳು.

“ಪಟ್ಟಿ ನೋಡೀಯೇನಮ್ಮಾ?” ಎಂದೆ.

“ಬಾಯಿಪಾಠ ಆಗೈತ್ರಿ ಸರ್.”

“ಮತ್ತ ಮೌಸ್ ಯಾಕ?”

“ನೀವ ಒಂದ್ ಪುಟ ಮಾಡಿ ತೋರಸ್ರಿ. ನೋಡಿ ಕಲೀತೀನಿ.”

ಕುಳಿತೆ. ಎದುರಿಗಿದ್ದದ್ದು ಯಾವುದೋ ಆಸ್ಪತ್ರೆಯ ಹಳೆಯ ದಪ್ಪ ರಿಜಿಸ್ಟರ್. ಅದರಿಂದ ಬರೀ ಅಂಕಿಗಳನ್ನು ತುಂಬಬೇಕು: ನೋಂದಣಿ ಸಂಖ್ಯೆ, ವಯಸ್ಸು, ವಾರ್ಡು. ಬೈಂಡಿನ ಹೊಲಿಗೆ ಎಷ್ಟು ಬಿಗಿಯೆಂದರೆ ಪುಟವನ್ನು ಎಡಗೈಯಿಂದ ಒತ್ತಿಹಿಡಿಯದಿದ್ದರೆ ತಾನೇ ಮುಚ್ಚಿಕೊಳ್ಳುತ್ತದೆ. ಮೊದಲ ಸಾಲು ತುಂಬಿ ಆಲ್ಟ್ ಒತ್ತಲು ಕೈ ತೆಗೆದೆ. ಟಪ್ಪೆಂದು ಮುಚ್ಚಿತು. ಪುಟ ಹುಡುಕಿ, ಸಾಲು ಹುಡುಕಿ ಮತ್ತೆ ಆಲ್ಟ್ ಒತ್ತಿದೆ, ಮತ್ತೆ ಟಪ್ಪು. ಮೂರನೆಯ ಸಲ ಮೊಣಕೈಯೂರಲು ಹೋಗಿ ಕನ್ನಡಕ ಬೀಳಿಸಿಕೊಂಡೆ. ಅರ್ಧ ಗಂಟೆಗೆ ಆರು ಸಾಲು. ಅಷ್ಟರಲ್ಲಿ ಆಕೆ, ಆ ನಿಧಾನದ ಕೈಯವಳು, ಒಂದು ಪುಟ ಮುಗಿಸುತ್ತಿದ್ದಳು.

“ಟೆಸ್ಟ್ ಮಾಡ್ದಾಗ ಹೀಗಾಗ್ಲಿಲ್ವಾ ಸರ್?” ಎಂದು ಪ್ರೋಗ್ರಾಮರ್ ಕೇಳಿದ.

ಆಗಿರಲಿಲ್ಲ. ನಾನು ಟೆಸ್ಟ್ ಮಾಡಿದ್ದು ಬೆನ್ನು ನೆಟ್ಟಗಿಟ್ಟುಕೊಂಡು, ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ ಬಿಡಿ ಹಾಳೆಯನ್ನು ನೋಡಿಕೊಂಡು.

“ತಿಂಗಳೆಲ್ಲಾ ಯಾಕ ಹೇಳ್ಲಿಲ್ಲಮ್ಮಾ?”

“ಭಾಳ ಶಿಸ್ತಿನವ್ರು ಅಂತ ಎಲ್ಲಾರೂ ಅಂದ್ರು. ಹೇಳಿದ್ರ ಮೂರನೇ ಕೈ ತಗೊಂಡ್ ಬಾ ಅಂತೀರೇನೋ ಅಂತ ಸುಮ್ನಿದ್ನಿರಿ.”

ಪ್ರೋಗ್ರಾಮರ್ ಕಿಟಕಿಯ ಕಡೆ ತಿರುಗಿ ಕೆಮ್ಮಿದ.

ಹನ್ನೊಂದರ ಚಹಾ ಅಂದು ಹನ್ನೊಂದಕ್ಕೆ ಆಗಲಿಲ್ಲ. ಆಕೆ ಹೇಳುತ್ತ ಹೋದಳು, ಪ್ರೋಗ್ರಾಮರ್ ಬದಲಿಸುತ್ತ ಹೋದ, ನಾನು ರಿಜಿಸ್ಟರ್ ಒತ್ತಿಹಿಡಿದುಕೊಂಡು ಕುಳಿತೆ. ಕೀಬೋರ್ಡಿನ ಬಲತುದಿಯ ಅಂಕಿಗಳ ಪಕ್ಕದ ಪ್ಲಸ್ ಕೀ ಒತ್ತಿದರೆ ಸಾಲು ಸೇವ್ ಆಗಿ ಮುಂದಿನದು ತೆರೆಯಬೇಕು; ಮೈನಸ್ ಒತ್ತಿದರೆ ಹಿಂದಿನದು. ಎಲ್ಲವೂ ಬಲಗೈಯ ಎಟುಕಿನೊಳಗೆ. ಮಧ್ಯಾಹ್ನ ಮೂರರಿಂದ ಆಕೆ ಮೌಸ್ ಮುಟ್ಟಲಿಲ್ಲ. ಅವಳ ವೇಗಕ್ಕೆ ಗಡಿಯಾರ ಹಿಡಿಯಲು ಹೋಗಿ ನಾನೇ ಎರಡು ಸಲ ಲೆಕ್ಕ ತಪ್ಪಿದೆ.

ನಾಲ್ಕಕ್ಕೆ ಬ್ಲೇಡು ಹಿಡಿದು ಮೇಜುಗಳ ಮೇಲಿನ ಪಟ್ಟಿಗಳನ್ನು ಕೆರೆದು ತೆಗೆದೆ. ಅಂಟಿಸುವ ಕೆಲಸವನ್ನೂ ಶಿಸ್ತಾಗಿಯೇ ಮಾಡಿದ್ದರಿಂದ ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಬೆಳಗಿನ ಚೀಟಿ ಹರಿದು ಹೊಸದು ಬರೆದೆ: ‘ಇವರನ್ನು ಕೆಲಸದಲ್ಲಿ ಇಟ್ಟುಕೊಳ್ಳತಕ್ಕದ್ದು. ನಿಧಾನಕ್ಕೆ ಕಾರಣ ಶಾರ್ಟ್‌ಕಟ್‌ಗಳು. ಅವನ್ನು ಗೊತ್ತುಮಾಡಿದವನ ಸಹಿ ಕೆಳಗಿದೆ.’ ಐದಕ್ಕೆ ಹತ್ತು ನಿಮಿಷವಿರುವಾಗ ಅದನ್ನು ಮಾಲೀಕರ ಮೇಜಿನ ಮೇಲಿಟ್ಟೆ.