ನಾರ್ಮಾ ತನ್ನ ಮನೆಯ ಬೆಲ್ ಒತ್ತಿದ್ದು

ನಾರ್ಮಾ ಹಾರ್ಗ್ರೀವ್ಸ್ ತನ್ನ ಸ್ವಂತ ಮನೆ ಬಿಟ್ಟು ಹೊರಟದ್ದು ಎರಡು ಸಾವಿರದ ನಾಲ್ಕರ ಮೇ ತಿಂಗಳಲ್ಲಿ, ಒಂದು ಶನಿವಾರ ಮಧ್ಯಾಹ್ನ. ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ಕೆಟಲ್, ಕಂಕುಳಲ್ಲಿ ಗೋಡೆ ಗಡಿಯಾರ. ಯಾರೂ ಓಡಿಸಿರಲಿಲ್ಲ, ಜಗಳವೂ ಆಗಿರಲಿಲ್ಲ. ಯಾರಿಗೂ ಗೊತ್ತಾಗಬಾರದು ಎಂಬುದು ಅವಳ ಎಣಿಕೆ. ಇಂಗ್ಲೆಂಡಿನ ಬರ್ನ್ಲಿ ಊರಿನ ನಮ್ಮ ಶಟಲ್ ಬೀದಿಯಲ್ಲಿ ಅದೆಲ್ಲ ಆಗದ ಮಾತು. ಅವಳು ಬೀದಿಯ ತುದಿ ಮುಟ್ಟುವ ಮೊದಲೇ ಏಳು ಕಿಟಕಿಗಳ ಪರದೆ ಅಲುಗಿದ್ದವು. ಹೋದದ್ದು ದೂರಕ್ಕೇನಲ್ಲ. ಬೀದಿ ಮುಗಿದು ಗುಡ್ಡ ಶುರುವಾಗುವಲ್ಲಿ, ಒಬ್ಬ ರೈತನ ಹೊಲದ ಮೂಲೆಯಲ್ಲಿ, ತೀರಿಹೋದ ಗಂಡ ವಿಲ್ಫ್‌ನ ಹಳೇ ಗಾಲಿಮನೆ, ಕ್ಯಾರವಾನ್, ನಿಂತಿತ್ತು. ಅದಕ್ಕೆ.

ಇಷ್ಟಕ್ಕೆಲ್ಲ ಕಾರಣ ಟ್ಯಾಕ್ಸ್ ಕ್ರೆಡಿಟ್ ಅರ್ಜಿ. ಮಕ್ಕಳಿದ್ದು ಸಂಬಳ ಸಾಲದವರಿಗೆ ಸರ್ಕಾರ ಕೊಡುವ ನೆರವು ಅದು. ನಾರ್ಮಾಳ ಮಗ ಕಾರ್ಲ್ ದಿಂಬಿನ ಕಾರ್ಖಾನೆಯ ಗೋದಾಮಿನಲ್ಲಿದ್ದ. ಕೆಲಸದ ತಾಸು ಕಡಿಮೆ ಮಾಡಿದ್ದರು. ಸೊಸೆ ಕರ್ಸ್ಟಿಯ ಮಡಿಲಲ್ಲಿ ಐದು ತಿಂಗಳ ಕೀರಾ. ನಾಲ್ವರೂ ಇದ್ದದ್ದು ನಾರ್ಮಾಳ ಮನೆಯಲ್ಲಿ, ಅವಳ ಅಡುಗೆಮನೆಯಲ್ಲಿ, ಅವಳ ಮಾತಿನಲ್ಲಿ. ಐವತ್ತೇಳರ ನಾರ್ಮಾ, ಮಾಂಸ ಈರುಳ್ಳಿ ತುಂಬಿದ ಪೈ ಸುಡುವ ಬೇಕರಿಯೊಂದರ ಮೇಲ್ವಿಚಾರಕಿ. ಮಗನಿಗಿಂತ ಅವಳ ಸಂಬಳವೇ ಹೆಚ್ಚು, ಅದನ್ನು ಮರೆಯಲು ಅವಳು ಯಾರನ್ನೂ ಬಿಡುತ್ತಿರಲಿಲ್ಲ.

ಮೇಲಾಗಿ, ಅರ್ಜಿ ತುಂಬುವುದರಲ್ಲಿ ಅವಳದು ಎತ್ತಿದ ಕೈ ಎಂದು ಇಡೀ ಬೀದಿಗೆ ನಂಬಿಕೆ. ಆ ನಂಬಿಕೆ ಹುಟ್ಟಿಸಿದವಳೂ ಅವಳೇ. ಅರ್ಜಿಯ ಜೊತೆ ದಪ್ಪನೆಯ ಸೂಚನೆ ಪುಸ್ತಕವೊಂದು ಬಂದಿತ್ತು. ನಾರ್ಮಾ ಅದನ್ನು ತೆರೆದೂ ನೋಡದೆ ಫ್ರಿಜ್ಜಿನ ಮೇಲೆಸೆದಳು.

"ಪುಸ್ತಕ ನೋಡ್ಕೊಂಡು ತುಂಬೋರು ಅರ್ಜಿ ತುಂಬಕ್ಕೆ ಬರದೇ ಇರೋರು," ಎಂದಳು.

"ಅಮ್ಮ, ಅರ್ಜಿ ನಮ್ಮಿಬ್ಬರದು," ಎಂದ ಕಾರ್ಲ್.

"ನಿಮ್ದೇ ಕಣೋ. ಆದ್ರೆ ಈ ಸೂರಿನ ಕೆಳಗೆ ನನ್ನ ಸಂಬಳಾನೂ ಮಲಗುತ್ತಲ್ಲ. ಮನೆಗೆ ಒಂದು ಪೌಂಡ್ ಜಾಸ್ತಿ ಬಂತು ಅಂದ್ರೆ ಅವರು ಕೊಡೋದ್ರಲ್ಲಿ ಅಷ್ಟಿಷ್ಟು ಹಿಡ್ಕೋತಾರೆ. ನನ್ದೂ ಸೇರಿಸಿದ್ರೆ ಹಿಡಿದು ಹಿಡಿದು ಕೊನೆಗೆ ನಿಮಗೊಂದು ಕ್ರಿಸ್ಮಸ್ ಕಾರ್ಡೂ ಕಳಿಸಲ್ಲ."

ಕರ್ಸ್ಟಿ ಏನೋ ಹೇಳಲು ಬಾಯಿ ತೆರೆದು ಮುಚ್ಚಿದಳು. ಅತ್ತೆಯ ಮಾತಿನ ನಡುವೆ ಬಾಯಿ ಹಾಕಲು ಆ ಮನೆಯಲ್ಲಿ ಸಂದು ಸಿಗುತ್ತಿರಲಿಲ್ಲ.

ನಾರ್ಮಾಳಿಗೆ ಈ ಜ್ಞಾನ ಬಂದದ್ದು ಅಪ್ಪನಿಂದ. ಮೂವತ್ತರ ದಶಕದಲ್ಲಿ ಮಗ್ಗಗಳು ನಿಂತು ಊರಿಗೆ ಊರೇ ಸರ್ಕಾರದ ಕಾಸಿಗೆ ಕೈಯೊಡ್ಡಿದಾಗ, ಆದಾಯ ತಪಾಸಣೆಯ ಸಾಹೇಬ ಮನೆ ಮನೆಗೆ ಬಂದು ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಎತ್ತಿ ನೋಡುತ್ತಿದ್ದನಂತೆ. ಮನೆಯಲ್ಲಿ ಯಾರು ದುಡಿದರೂ ಲೆಕ್ಕ. ಹದಿನೇಳರ ಅಪ್ಪನ ಪುಡಿ ಸಂಬಳ ತೋರಿಸಿ ಅಜ್ಜನ ಕಾಸು ಕತ್ತರಿಸಿದರು. ಮರುದಿನವೇ ಅಪ್ಪನ ಮಂಚ ಅವನ ಸೋದರತ್ತೆಯೊಬ್ಬಳ ಮನೆಗೆ ಹೋಯಿತು. "ಮನೆ ಉಳಿಸ್ಬೇಕು ಅಂದ್ರೆ ದುಡಿಯೋನು ಮನೆ ಬಿಡ್ಬೇಕು" ಎಂದು ಅಪ್ಪ ಸಾಯುವ ತನಕ ಹೇಳುತ್ತಿದ್ದ. ಅದು ನಾರ್ಮಾಳ ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿತ್ತು. ಆಮೇಲೆ ಎಷ್ಟು ಸರ್ಕಾರ ಬಂದು ಹೋದವು, ಎಷ್ಟು ಕಾನೂನು ಬದಲಾದವು ಎಂದು ಅವಳು ಕೇಳಲಿಲ್ಲ.

ಹೋಗುವ ಮುನ್ನ ಅವಳು ನಿಯಮಗಳನ್ನೂ ಹೊರಡಿಸಿದಳು. ಬೇಕರಿ ಪಾಳಿ ಮುಗಿಸಿ ಮಧ್ಯಾಹ್ನ ಎರಡಕ್ಕೆ ಬರುವುದು, ಐದಕ್ಕೆ ಹೊರಡುವುದು. ಐದರೊಳಗಾದರೆ ಭೇಟಿ, ಐದು ದಾಟಿದರೆ ವಾಸ. ಈ ಕಾನೂನು ಅವಳಿಗೆ ಎಲ್ಲಿ ಸಿಕ್ಕಿತೋ ದೇವರೇ ಬಲ್ಲ. ಕೀಲಿ ಬಳಸುವಂತಿಲ್ಲ, ಬೆಲ್ ಒತ್ತಬೇಕು. ತನ್ನ ಕಪ್ಪು ತಾನೇ ತಂದು ತಾನೇ ಒಯ್ಯಬೇಕು.

"ಯಾರಾದ್ರೂ ಬಂದು ಕೇಳಿದ್ರೆ, ಅತ್ತೆ ಬೇರೆ ಇದ್ದಾಳೆ, ಬಲು ಕೆಟ್ಟವಳು ಅನ್ನು," ಎಂದು ಸೊಸೆಗೆ ಪಾಠ ಮಾಡಿದಳು.

"ಎರಡನೇದು ಹೇಳೋಕೆ ನಂಗೇನೂ ಕಷ್ಟ ಆಗಲ್ಲ ಅತ್ತೆ."

ನಾರ್ಮಾ ಬೆನ್ನು ತಿರುಗಿಸಿ ನಕ್ಕಳು. ಎದುರಿಗೆ ನಗುವ ಅಭ್ಯಾಸ ಅವಳಿಗಿರಲಿಲ್ಲ.

ಒಂದೇ ಒಂದು ಅವಳ ಹೊಟ್ಟೆಗೆ ಬೆಂಕಿ ಇಟ್ಟಿತ್ತು. ಸಂಜೆ ಆರು ಗಂಟೆಗೆ, ಅಡುಗೆಮನೆಯ ಸಿಂಕಿನಲ್ಲಿ, ಕೀರಾಳ ಸ್ನಾನ. ಮಗು ಹುಟ್ಟಿದಂದಿನಿಂದ ಅದು ಅಜ್ಜಿಯ ಕೆಲಸ. ಬೇರೆ ಯಾರೂ ನೀರು ಮುಟ್ಟುವಂತಿರಲಿಲ್ಲ. ಈಗ ಆರು ಗಂಟೆಗೆ ಅವಳು ಕ್ಯಾರವಾನಿನ ಮೆಟ್ಟಿಲ ಮೇಲೆ ಕೂತು, ಕೆಳಗೆ ಸಾಲು ಮನೆಗಳಲ್ಲಿ ತನ್ನ ಅಡುಗೆಮನೆಯ ಕಿಟಕಿ ಯಾವುದೆಂದು ಎಣಿಸಿ, ಅದರ ಮೇಲೆ ಆವಿ ಕಟ್ಟುವುದನ್ನು ನೋಡುತ್ತಿದ್ದಳು. ನೋಡಿ ನೋಡಿ ಅತ್ತದ್ದೂ ಉಂಟು. ಕಣ್ಣು ಕೆಂಪಗಿದ್ದರೆ ಮರುದಿನ ಬೇಕರಿಯಲ್ಲಿ ತಪ್ಪನ್ನು ಈರುಳ್ಳಿಯ ಮೇಲೆ ಹಾಕುತ್ತಿದ್ದಳು.

ಜೂನ್‌ನಲ್ಲಿ ಕೈಯಲ್ಲಿ ಕಾಗದ ಸಿಕ್ಕಿಸಿದ ಹಲಗೆ, ಪೆನ್ನು ಹಿಡಿದವನೊಬ್ಬ ಬಾಗಿಲಿಗೆ ಬಂದ. ಕರ್ಸ್ಟಿ ಅಂಗಡಿಗೆ ಹೋಗಿದ್ದಳು. ಏಪ್ರನ್ ಕಟ್ಟಿ ಮಗು ಎತ್ತಿಕೊಂಡಿದ್ದ ನಾರ್ಮಾ, ಅವನು ಬಾಯಿ ಬಿಡುವ ಮೊದಲೇ ಶುರುಮಾಡಿದಳು.

"ನಾನಿಲ್ಲಿ ಇರೋಳಲ್ಲ. ಬರೀ ಭೇಟಿಗೆ ಬಂದಿರೋದು. ಒಂದು ರಾತ್ರೀನೂ ಮಲಗಲ್ಲ."

"ಆಗ್ಲಿ ಅಮ್ಮ. ಗ್ಯಾಸ್ ಮೀಟರ್ ನೋಡ್ಬೇಕಿತ್ತು. ನಾರ್ಮಾ ಹಾರ್ಗ್ರೀವ್ಸ್ ಅನ್ನೋರ ಹೆಸರಲ್ಲಿದೆ."

"ಆ ಹೆಂಗಸು ಇಲ್ಲಿಲ್ಲ. ಎಲ್ಲಿದ್ದಾಳೋ ಯಾರಿಗೂ ಗೊತ್ತಿಲ್ಲ."

"ಹಂಗಾದ್ರೆ ಬಿಲ್ಲು ಯಾರು ಕಟ್ತಾರೆ?"

"ನಾನೇ ಕಟ್ತೀನಿ, ಇನ್ಯಾರು ಕಟ್ತಾರೆ," ಎಂದುಬಿಟ್ಟಳು ನಾರ್ಮಾ. ಆಮೇಲೆ ಒಂದು ವಾರ ಅವಳಿಗೆ ನಿದ್ದೆಯಿಲ್ಲ.

ಜುಲೈನಲ್ಲಿ ನೆರವು ಮಂಜೂರಾಗಿ ಕಾಗದ ಬಂತು. ಚೆನ್ನಾಗಿಯೇ ಬಂತು. ನಾರ್ಮಾ ಅದನ್ನು ಬೀದಿಗೆಲ್ಲ ತೋರಿಸಿ ಮೆರೆದಳು. ಅದನ್ನು ಕಂಡು ಎದುರುಮನೆಯ ಮುದುಕ ಹೆರಲ್ಡ್ ಕೂಡ, ತನ್ನ ಪಿಂಚಣಿಯಿಂದ ಮಗಳ ಮನೆಗೆ ನಷ್ಟವಾದೀತೆಂದು, ಪಾರಿವಾಳ ಸಾಕುವ ಶೆಡ್ಡಿಗೆ ಹಾಸಿಗೆ ಸಾಗಿಸಿದ.

ಅಕ್ಟೋಬರಿನಲ್ಲಿ ಚಳಿ ಇಳಿಯಿತು. ಕ್ಯಾರವಾನಿನ ಗೋಡೆ ಒಳಗಿನಿಂದಲೇ ಬೆವರಿತು. ಕೆಮ್ಮು ಹತ್ತಿತು. ಅದೂ ಹೋಗಲಿ, ಕೀರಾ ಈಗ ಕುರ್ಚಿ ಹಿಡಿದು ನಿಲ್ಲುತ್ತಿದ್ದಳು. ಮೊದಲ ಹೆಜ್ಜೆ ಐದು ಗಂಟೆಯ ಮೇಲೆ ಇಟ್ಟರೆ ಗತಿಯೇನು? ಕ್ರಿಸ್ಮಸ್ಸಿಗಾದರೂ ಎರಡು ದಿನ ಇರಬಹುದೇ ಎಂದು ಕೇಳಲು ನಾರ್ಮಾ ಬೇಕರಿಯ ಆಫೀಸಿನಿಂದ ಸಹಾಯವಾಣಿಗೆ ಫೋನ್ ಹಚ್ಚಿದಳು. ಮುಕ್ಕಾಲು ಗಂಟೆ ಸಂಗೀತ ಕೇಳಿಸಿದರು. ಕೊನೆಗೊಬ್ಬ ಹುಡುಗಿ ಸಿಕ್ಕಳು.

"ಒಬ್ಬ ಅಜ್ಜಿ ಮಗನ ಜೊತೆ ಎಷ್ಟು ರಾತ್ರಿ ಮಲಗಿದ್ರೆ ಪರವಾಗಿಲ್ಲ?"

"ಅದು ನಿಮ್ಮ ಸೊಸೇನ ಕೇಳ್ಬೇಕು ಮೇಡಂ."

"ಆ ಅಜ್ಜಿ ಸಂಬಳ ಲೆಕ್ಕಕ್ಕೆ ಬರದ ಹಾಗೆ, ಅಂತ ಕೇಳ್ತಿರೋದು."

"ಅಜ್ಜಿ ಸಂಬಳ ಯಾವತ್ತೂ ಲೆಕ್ಕಕ್ಕಿಲ್ಲ. ಅರ್ಜಿ ಹಾಕಿರೋ ಗಂಡ ಹೆಂಡತಿದು ಮಾತ್ರ. ಅಜ್ಜಿ ಅದೇ ಮನೇಲಿರಲಿ, ಕೋಟ್ಯಧೀಶ್ವರಿ ಆಗಿರಲಿ, ನಮಗೇನೂ ಸಂಬಂಧ ಇಲ್ಲ. ಸೂಚನೆ ಪುಸ್ತಕದಲ್ಲಿ ಬರೆದಿದೆಯಲ್ಲ."

"ಆ ಅಜ್ಜಿ ಓದಿಲ್ಲ," ಎಂದು ನಾರ್ಮಾ ಫೋನಿಟ್ಟಳು. ಐದು ತಿಂಗಳು. ಐದು ತಿಂಗಳ ಸ್ನಾನ. ಅವಳಿಗೆ ಕಿವಿಯವರೆಗೂ ನಾಚಿಕೆಯಾಯಿತು.

ಮೊದಲು ಹೆರಲ್ಡ್‌ನ ಶೆಡ್ಡಿಗೆ ಹೋಗಿ ತಪ್ಪೊಪ್ಪಿಕೊಂಡಳು. ಅವನು ಬಾಗಿಲು ಹಾಕಿ ಬಂದು ಪಿಸುಗುಟ್ಟಿದ: "ಮೆಲ್ಲಗೆ ಮಾತಾಡು ಮಾರಾಯ್ತಿ. ನನ್ನ ಮಗಳಿಗೆಲ್ಲಾದ್ರೂ ಹೇಳ್ಬಿಟ್ಟೀಯ. ಸಾಕ್ಸು ತೆಗೆದಿಡು ಅಂತ ಜುಲೈಯಿಂದ ಯಾರೂ ಅಂದಿಲ್ಲ ನಂಗೆ."

ಮನೆಗೆ ಹೊರಟ ನಾರ್ಮಾ ದಾರಿಯುದ್ದಕ್ಕೂ ಸುಳ್ಳೊಂದನ್ನು ತಿದ್ದಿ ತೀಡಿದಳು. ಸರಿಯಾಗಿ ಆರು ಗಂಟೆಗೆ ತನ್ನ ಕೀಲಿಯಿಂದಲೇ ಬಾಗಿಲು ತೆರೆದು ಒಳಹೊಕ್ಕಳು. ಅಡುಗೆಮನೆಯ ಸಿಂಕಿನಲ್ಲಿ ಕೀರಾ ನೊರೆಯಲ್ಲಿ ಕೂತಿದ್ದಳು. ಅಂಗಿಯ ತೋಳು ಮೇಲಕ್ಕೆ ಮಡಚಿದ್ದ ಕರ್ಸ್ಟಿ ತಿರುಗಿ ನೋಡಿದಳು.

"ಸರ್ಕಾರ ಇವತ್ತು ರೂಲ್ಸ್ ಬದಲಾಯಿಸ್ತು," ಎಂದಳು ನಾರ್ಮಾ. "ಅಜ್ಜೀರನ್ನ ಲೆಕ್ಕದಿಂದ ಕೈಬಿಟ್ರಂತೆ."

"ಹೌದಾ. ಯಾವ ಪುಟ ಅತ್ತೆ?"

ಕರ್ಸ್ಟಿ ಒಂದು ಕೈಯಲ್ಲಿ ಮಗುವಿನ ಬೆನ್ನು ಹಿಡಿದು ಇನ್ನೊಂದರಿಂದ ಡ್ರಾಯರ್ ಎಳೆದಳು. ಸೂಚನೆ ಪುಸ್ತಕ. ನಡುವೆ ಒಂದು ಬಸ್ ಟಿಕೆಟ್. ಆ ಪುಟದಲ್ಲಿ ಪೆನ್ಸಿಲಿನಿಂದ ಒಂದು ಸಾಲಿಗೆ ಅಡಿಗೆರೆ. ಟಿಕೆಟ್ಟಿನ ಮೇಲೆ ಮೇ ತಿಂಗಳ ತಾರೀಖು. ನಾರ್ಮಾ ಕುರ್ಚಿ ಎಳೆದುಕೊಂಡು ಕೂತಳು.

"ಗೊತ್ತಿದ್ದೂ ಹೇಳ್ಲಿಲ್ಲ ನೀನು."

"ಪುಸ್ತಕ ಬಂದ ದಿನಾನೇ ಓದಿದ್ದೆ. ಹೇಳಣ ಅಂತ ಬಾಯಿ ತೆಗೆದೆ, ನೀವು ಬಿಡ್ಲಿಲ್ಲ. ಆಮೇಲೆ ಒಂದು ವಾರ ಹೋಗಿ ಬರ್ಲಿ ಅಂದ್ಕೊಂಡೆ." ಕರ್ಸ್ಟಿ ಮಗುವಿನ ಹೆಗಲಿಗೆ ನೀರು ಹೊಯ್ದಳು. "ನನ್ನ ಮಗೂಗೆ ನಾನು ಒಂದು ದಿನಾನೂ ಸ್ನಾನ ಮಾಡ್ಸಿರ್ಲಿಲ್ಲ ಅತ್ತೆ. ನೀವು ಹೋದ ಮೇಲೆ ಮೊದಲನೇ ಸೋಮವಾರ ಬೆಲ್ ಒತ್ತಿ, ಒಳಗೆ ಬರಬಹುದಾ ಅಂತ ಕೇಳಿದ್ರಿ. ಅಷ್ಟು ಚೆನ್ನಾಗಿತ್ತು ಅದು. ದಿನಾ ಐದು ಗಂಟೆಗೆ ನೀವು ಕಪ್ಪು ಎತ್ಕೊಂಡು ಹೊರಟಾಗ, ನಾಳೆ ಖಂಡಿತ ಹೇಳ್ತೀನಿ ಅಂದ್ಕೋತಿದ್ದೆ. ನಿಮ್ಮ ಕೆಮ್ಮು ಕೇಳಿದ ಮೇಲೆ ನಂಗೂ ನಿದ್ದೆ ಬಂದಿಲ್ಲ."

ನಾರ್ಮಾಳಿಗೆ ಮೈಯೆಲ್ಲ ಉರಿಯಿತು. ಬೈಯಬೇಕೆಂದು ಬಾಯಿ ತೆರೆದಳು. ಎದುರಿಗಿದ್ದವಳ ಕಣ್ಣು ಕೆಂಪಗಿತ್ತು, ಆ ಮನೆಯಲ್ಲಿ ಎಲ್ಲೂ ಈರುಳ್ಳಿ ಹೆಚ್ಚಿರಲಿಲ್ಲ. ಕೀರಾ ನೀರು ಬಡಿದು ಇಬ್ಬರ ಮುಖಕ್ಕೂ ನೊರೆ ಹಾರಿಸಿದಳು.

"ಟವೆಲ್ ಎಲ್ಲಿ?" ಎಂದಳು ನಾರ್ಮಾ ಕೊನೆಗೆ. "ನೀನು ಮುಗಿಸು. ನಾನು ಟವೆಲ್ ಹಿಡ್ಕೊಂಡಿರ್ತೀನಿ."

ಅಷ್ಟರಲ್ಲಿ ಕೆಲಸದಿಂದ ಬಂದ ಕಾರ್ಲ್ ಬಾಗಿಲಲ್ಲೇ ಬೆಚ್ಚಿದ. "ಅಮ್ಮ, ಆರು ದಾಟ್ತು. ಯಾರಾದ್ರೂ ನೋಡಿದ್ರೆ?"

ಅತ್ತೆ ಸೊಸೆ ಇಬ್ಬರೂ ಅವನ ಕಡೆ ತಿರುಗಿ ಒಂದೇ ದನಿಯಲ್ಲಿ, "ಸರ್ಕಾರ ರೂಲ್ಸ್ ಬದಲಾಯಿಸ್ತು," ಎಂದರು. ಕಾರ್ಲ್ ಇವತ್ತಿಗೂ ಅದನ್ನೇ ನಂಬಿದ್ದಾನೆ.

ಆ ಭಾನುವಾರ ಸೂಟ್‌ಕೇಸು, ಕೆಟಲ್, ಗಡಿಯಾರ ಬೀದಿಯಲ್ಲಿ ಇಳಿದು ಬಂದವು, ಏಳು ಪರದೆ ಮತ್ತೆ ಅಲುಗಿದವು. ಸೋಮವಾರ ಎರಡು ಗಂಟೆಗೆ ಪಾಳಿ ಮುಗಿಸಿ ಬಂದ ನಾರ್ಮಾ ಬಾಗಿಲ ಮುಂದೆ ನಿಂತು ಚೀಲದಿಂದ ಕೀಲಿ ತೆಗೆದಳು. ಒಂದು ಗಳಿಗೆ ಅದನ್ನೇ ನೋಡಿದಳು. ಆಮೇಲೆ ಅದನ್ನು ಚೀಲಕ್ಕೆ ಹಾಕಿ ಬೆಲ್ ಒತ್ತಿದಳು.