ಬಾಳಪ್ಪ ಕಾಕಾನ ಕಾರಿಗೆ ಸ್ಪೀಕರ್ ಆರಿಸಿದ್ದು

ಕೊರೊನಾ ಅಡಗಿದ ಮರುವರ್ಷದ ಕಬ್ಬಿನ ಹಂಗಾಮು. ಗೋಕಾಕದಲ್ಲಿ ನನ್ನದು ಕಾರ್ ಆಡಿಯೋ ಅಂಗಡಿ. ಫಲಕದಲ್ಲಿ ಕಾರು ಎಂದಿದ್ದರೂ ಹಂಗಾಮಿನಲ್ಲಿ ಬಾಗಿಲಿಗೆ ಬಂದು ನಿಲ್ಲುವವು ಟ್ರ್ಯಾಕ್ಟರುಗಳೇ. ಕಬ್ಬು ಸಾಗಿಸುವವರ ಹಾಡು ಇಂಜಿನ್ನಿನ ಸದ್ದನ್ನು ಮೀರಬೇಕು, ಎರಡು ಹೊಲದಾಚೆ ಕೇಳಬೇಕು. ಹಾಗಾಗಿ ನಮ್ಮ ಕಡೆ ಸ್ಪೀಕರ್ ಪರೀಕ್ಷಿಸುವ ರೀತಿಯೇ ಬೇರೆ. ಹಾಡು ಹಚ್ಚಿ, ರಸ್ತೆ ದಾಟಿ, ಚಹಾದಂಗಡಿಯ ಮುಂದೆ ನಿಂತು ಕೇಳುವುದು. ಅಲ್ಲಿಯೂ ಎದೆಗೆ ಬಡಿದರೆ ಮಾಲು ಪಾಸು.

ಮಸಗುಪ್ಪಿಯ ಬಾಳಪ್ಪ ಕಾಕಾ ಆಯುಷ್ಯವೆಲ್ಲ ಕಬ್ಬಿನ ಟ್ರ್ಯಾಕ್ಟರ್ ಹೊಡೆದು, ಈಗ ಬಿಟ್ಟವನು. ಆ ವರ್ಷ ಒಂದು ಹಳೆಯ ಕಾರು ಕೊಂಡಿದ್ದ. ಅದರ ಸ್ಪೀಕರಿನ ಕಾಗದದ ಕೋನು ಹರಿದು, ಯಾವ ಹಾಡು ಹಚ್ಚಿದರೂ ಜೀರುಂಡೆ ಹೊಕ್ಕಂತೆ ಗುರುಗುಡುತ್ತಿತ್ತು. ಜೊತೆಗೆ ಹೆಂಡತಿ ಗಂಗವ್ವ ಕಾಕೂ ಬಂದಿದ್ದಳು. ಕಾಕಾ ಕಾರಿನ ನಾಲ್ಕೂ ಬಾಗಿಲು ತೆರೆಸಿದ, ನನ್ನಲ್ಲಿದ್ದ, ಎದೆಗೆ ಗುದ್ದುವಂಥ ದೊಡ್ಡ ವೂಫರ್ ಹಾಕಿಸಿದ, ತಾನು ಹೋಗಿ ಚಹಾದಂಗಡಿಯ ಮುಂದೆ ನಿಂತ.

"ಇನ್ನೂ ಏರಸೋ ತಮ್ಮಾ, ಎದಿಗೆ ಬಡೀವಲ್ದು!" ಎಂದು ಅಲ್ಲಿಂದಲೇ ಕೂಗಿದ.

ಕಾರಿನೊಳಗೆ ಕಾಕೂ ಎರಡೂ ಕಿವಿಗೆ ಬೆರಳಿಟ್ಟುಕೊಂಡು ಕುಳಿತಿದ್ದಳು. "ಕೇಳಾವ್ರು ಅಲ್ಲಿ ನಿಂತಾರ, ಒಳಗ ಕುಂದ್ರಾಕಿ ನಾನು. ಇದನ್ನ ಹಾಕಿಸಿದ್ರ ನಾ ಹುಕ್ಕೇರಿಗೆ ಬಸ್ಸಿಗೇ ಹೋಗ್ತೀನಿ," ಎಂದಳು. ಅದು ಬರಿಯ ಸಿಟ್ಟಿನ ಮಾತಲ್ಲ ಎಂದು ನನಗೆ ಆಮೇಲೆ ತಿಳಿಯಿತು. ಹುಕ್ಕೇರಿಯಲ್ಲಿ ಅವಳ ತಂಗಿಯ ಮನೆ. ಟ್ರ್ಯಾಕ್ಟರಿನಲ್ಲಿ ಬಾಜೂ ಸೀಟು ಇರುವುದಿಲ್ಲ. ಮದುವೆಯಾದಾಗಿನಿಂದ ಗಂಡ ಒಂದು ಗಾಡಿಯಲ್ಲಿ, ಅವಳು ಇನ್ನೊಂದರಲ್ಲಿ. ಇನ್ನಾದರೂ ಜೋಡಿಯಾಗಿ ಓಡಾಡೋಣ ಎಂದೇ ಕಾರು ಕೊಂಡಿದ್ದರು. "ಕೊಂಡೇನು ಬಂತು?" ಎಂದಳು ಕಾಕೂ. "ನಾ ಒಂದ ಮಾತ ಹೇಳಿದ್ರ ಕಿವ್ಯಾಗ ಹಾಕ್ಕೊಳ್ಳೂದಿಲ್ಲ. ಕಲ್ಲಿನ ಕೂಡ ಕುಂತಂಗ ಆಗತೈತಿ."

ಕಾಕಾ ಮರಳಿ ಬಂದ. ಅವನ ಎಡಕ್ಕೆ ನಿಂತು ಚಹಾ ಕುಡಿಯುತ್ತೀರಾ ಎಂದು ಕೇಳಿದೆ. ಉತ್ತರವಿಲ್ಲ. ಬಲಕ್ಕೆ ಬಂದು ಕೇಳಿದೆ. "ಹೂಂ, ಹೇಳು," ಎಂದ. ಟ್ರ್ಯಾಕ್ಟರ್ ಹೊಡೆಯುವವರು ಹಿಂದಿನ ಟ್ರೇಲರ್ ಮೇಲೆ ಕಣ್ಣಿಡಲು ಬಲಕ್ಕೆ ತಿರುಗಿ ತಿರುಗಿ ನೋಡುತ್ತಾರೆ. ಆಗೆಲ್ಲ ಎಡಗಿವಿ ಇಂಜಿನ್ನಿನ ಕಡೆಗಿರುತ್ತದೆ. ಕಾಕಾನ ಎಡಗಿವಿ ಹಾಗೆಯೇ ಮಂದವಾಗಿತ್ತು. ಕಾರಿನಲ್ಲಿ ಕಾಕೂ ಕೂರುವುದು ಅದೇ ಎಡಕ್ಕೆ. ಪಾಪ, ಕಲ್ಲಾಗಿದ್ದದ್ದು ಗಂಡನಲ್ಲ, ಅವನ ಒಂದು ಕಿವಿ. ಕಿವಿ ಡಾಕ್ಟರರಿಗೆ ತೋರಿಸಿ ಎಂದೆ, ತಲೆಯಾಡಿಸಿದ. ಉಳಿದದ್ದು ನನ್ನ ಕೆಲಸ.

ವೂಫರ್ ಬಿಚ್ಚಿಟ್ಟು ಆರೂವರೆ ಇಂಚಿನ, ಕಾರಿನ ಸೆಟ್ಟಿಗೆ ಹೊಂದುವ ನಾಲ್ಕು ಓಮ್‌ನ ಕಾಂಪೊನೆಂಟ್ ಜೋಡಿ ಆರಿಸಿದೆ. ಕಾಂಪೊನೆಂಟ್ ಎಂದರೆ ದಪ್ಪ ದನಿಯ ಸ್ಪೀಕರ್ ಬೇರೆ, ಸಣ್ಣ ದನಿಯ ಟ್ವೀಟರ್ ಬೇರೆ. ಮಾತು ಸ್ಪಷ್ಟವಾಗುವುದು ಟ್ವೀಟರಿನಿಂದ. ಬಲಬಾಗಿಲಿನ ಟ್ವೀಟರನ್ನು ಕಾಕಾನ ಬಲಗಿವಿಯ ಮಟ್ಟಕ್ಕೆ ಕೂರಿಸಿದೆ. ಸೆನ್ಸಿಟಿವಿಟಿ ಹೆಚ್ಚಿರುವುದನ್ನೇ ನೋಡಿದೆ, ಅಂದರೆ ಕಡಿಮೆ ಪವರಿಗೂ ಬಾಯಿ ಬಿಡುವಂಥದ್ದು. ಇನ್ನು ಪರೀಕ್ಷೆ. ಹಾಡಿಗಿಂತ ನನಗೆ ಮನುಷ್ಯರ ದನಿಯ ಮೇಲೆ ಭರವಸೆ. ಗುರುತಿನವರ ದನಿ ಕೆಟ್ಟರೆ ಯಾರಿಗೂ ತಟ್ಟನೆ ತಿಳಿಯುತ್ತದೆ. ಅಂಗಡಿಯ ಪುಟ್ಟ ಕಾರ್ಡ್‌ಲೆಸ್ ಮೈಕನ್ನು ಕಾರಿನ ಸೆಟ್ಟಿಗೆ ಜೋಡಿಸಿ, ಸ್ಪೀಕರ್ ಕುಯ್ಯೆಂದು ಕಿರುಚದಷ್ಟು ಸಣ್ಣ ದನಿಗಿಟ್ಟು, ಕಾಕೂನ ಕೈಗೆ ಕೊಟ್ಟೆ. ನಾನು ಹಿಂದಿನ ಸೀಟಿನಲ್ಲಿ ಕುಳಿತೆ. ಮೂಡಲಗಿ ದಾರಿ ಹಿಡಿದೆವು.

ಬಾಗಿಲು ಮುಚ್ಚಿ, ಗಾಜು ಏರಿಸಿದ ಮೇಲೆ ಹೊರಗಿನ ಲೋಕ ಎಲ್ಲಿಯೋ ಸರಿದುಹೋಯಿತು. ಕಲ್ಲೋಳಿ ಸಮೀಪಿಸುವಾಗ ಇಳಿಬಿಸಿಲು. ದಾರಿಯ ಎರಡೂ ಕಡೆ ಕಬ್ಬಿನ ನೆತ್ತಿಯ ಮೇಲೆ ಬೆಳ್ಳನೆಯ ಹೂವಿನ ತುರಾಯಿ, ಗಾಳಿಗೆ ಒಂದೇ ಸಮ ಬಾಗುತ್ತಿತ್ತು. ಎಲ್ಲಿಂದಲೋ ಬೆಲ್ಲ ಕುದಿಯುವ ವಾಸನೆ. ನಾವು ಹೋಗುತ್ತಿದ್ದೇವೋ, ಕಬ್ಬೇ ತೇಲಿ ಹಿಂದೆ ಹೋಗುತ್ತಿದೆಯೋ ಎಂಬಂಥ ಮಂಪರು. ಕಾಕೂ ಮಾತ್ರ ನಾಚಿ, ಮೈಕನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು.

"ಏನರ ಮಾತಾಡ್ರಿ ಕಾಕೂ," ಎಂದೆ.

ಅವಳು ಮೈಕನ್ನು ತುಟಿಗೆ ಹತ್ತಿರ ಹಿಡಿದು, ಪಿಸುಗುಟ್ಟುವಂತೆ, "ನೋಡ್ರಿ, ಕಬ್ಬಿಗೆ ಹೆಂಗ ತುರಾಯಿ ಬಂದಾವ," ಎಂದಳು.

ಕಾಕಾ ತಟ್ಟನೆ ಅವಳ ದನಿ ಬಂದ ಬಲಗಡೆಯ ಬಾಗಿಲ ಕಡೆ ತಿರುಗಿದ. ಗಾಡಿ ನಿಧಾನವಾಯಿತು. "ಹೌದಲ್ಲ!" ಎಂದ. "ಚಂದ ಕಾಣಾಕತ್ತಾವ."

ಕಾಕೂನ ಕಣ್ಣು ತುಂಬಿ ಬಂತು. "ಪ್ರತಿ ವರ್ಷ ಹೊಲದಾಗ ನಿಂತು ಹೇಳೀನ್ರಿ ಇದನ್ನ," ಎಂದಳು. ಕಾಕಾ ಗಾಡಿಯನ್ನು ಬದಿಗೆ ನಿಲ್ಲಿಸಿಬಿಟ್ಟ. ನಾನಲ್ಲಿ ಇರಬಾರದಿತ್ತು ಅನ್ನಿಸಿ, ಮೂತ್ರಕ್ಕೆ ಹೋಗುವ ನೆಪ ಮಾಡಿ ಕೆಳಗಿಳಿದೆ. ಮರಳಿ ಬಂದಾಗಲೂ ಅವಳು ಮಾತಾಡುತ್ತಲೇ ಇದ್ದಳು. ಮೈಕು ನನ್ನ ಅಂಗಡಿಗೆ ವಾಪಸು ಬರಲಿಲ್ಲ, ನಾನೂ ಕೇಳಲಿಲ್ಲ.

ಅಂದಿನಿಂದ ಸ್ಪೀಕರ್ ಕೊಳ್ಳಲು ಬಂದವರನ್ನು ನಾನು ಇಂಚು, ವ್ಯಾಟು ಕೇಳುವ ಮೊದಲು, ಬಾಜೂ ಸೀಟಿನಲ್ಲಿ ಯಾರು ಕೂರುತ್ತಾರೆ ಎಂದು ಕೇಳುತ್ತೇನೆ. ಈ ಕಸುಬು ನನಗೆ ಕಲಿಸಿದ್ದು ಅದನ್ನೇ. ಕೆಲವರು ನಗುತ್ತಾರೆ, ನಗಲಿ.

ಯುಗಾದಿಯ ಹೊತ್ತಿಗೆ ಇಬ್ಬರೂ ಹುಕ್ಕೇರಿಯಿಂದ ಮರಳುವಾಗ ಅಂಗಡಿಯ ಮುಂದೆ ಕಾರು ನಿಲ್ಲಿಸಿದರು. ನಾನು ಕಾಕಾನ ಬಲಗಡೆಗೆ ಹೋಗಿ ಬಗ್ಗಿ, "ಹಾಡು ಹೆಂಗ ಕೇಳಸಾಕತ್ತಾವ್ರಿ ಕಾಕಾ?" ಎಂದೆ.

ಕಾಕಾ ಹೆಂಡತಿಯ ಮುಖ ನೋಡಿದ. ಅವಳೇ ಉತ್ತರ ಕೊಟ್ಟಳು:

"ಇನ್ನೂ ಹಚ್ಚಿಲ್ಲೋ ತಮ್ಮಾ. ಮಾತ ಮುಗದಿಲ್ಲ."